ತಂಡಕ್ಕೊಬ್ಬಳು

ಬೆಳಿಗ್ಗೆ ಬೆಳಿಗ್ಗೆಯೇ ಅಣ್ಣ ಫೋನು ಮಾಡಿದ. ಒಲೆಯ ಮೇಲೆ ಹಾಲಿತ್ತು, ಕೈಯಲ್ಲಿ ಬಾಚಣಿಗೆಯಿತ್ತು, ಫೋನು ಭುಜಕ್ಕೂ ಕಿವಿಗೂ ನಡುವೆ ಸಿಕ್ಕಿಕೊಂಡಿತ್ತು. 'ಪೇಪರಲ್ಲಿ ನಿನ್ನ ಫೋಟೋ ನೋಡ್ದೆ ಕಣೇ. ನಿಮ್ಮತ್ತಿಗೆಗೂ ತೋರಿಸ್ದೆ' ಎಂದ. ಅವಳು ಹೂಂ ಎಂದಳು. ಅಷ್ಟಕ್ಕೇ ಇಟ್ಟುಬಿಟ್ಟಿದ್ದರೆ ಆ ದಿನ ಬೇರೆ ಥರ ಇರುತ್ತಿತ್ತೋ ಏನೋ. 'ಅಲ್ವೇ, ಚಿಕ್ಕಂದಿನಲ್ಲಿ ನಾನು ಫ್ಯಾನು ಬಿಚ್ಚೋವಾಗ ಪಕ್ಕದಲ್ಲಿ ಟಾರ್ಚ್ ಹಿಡ್ಕೊಂಡು ಕೂತಿರ್ತಿದ್ದೆಯಲ್ಲ, ನಿನಗೆ ಈ ಹುಚ್ಚು ಹತ್ತಿದ್ದೇ ಆವಾಗ. ನನ್ನ ಮಕ್ಕಳಿಗೂ ಅದನ್ನೇ ಹೇಳ್ತಿದ್ದೆ.' ಹಾಲು ಉಕ್ಕಿತು. ಅವಳು ಒಲೆ ಆರಿಸಿ, ಉಕ್ಕಿದ್ದನ್ನು ಒರೆಸುತ್ತ, ಇನ್ನೊಂದು ಸಲ ಹೂಂ ಎಂದಳು. ಫೋನು ಇಟ್ಟ ಮೇಲೂ ಆ ಹೂಂ ನೀರಿಲ್ಲದೆ ನುಂಗಿದ ಗುಳಿಗೆಯ ಹಾಗೆ ಗಂಟಲಲ್ಲೇ ಕೂತಿತ್ತು.

ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕಿದರೂ ಹೊರಗೇನಿದೆ ಎಂದು ಅವಳು ನೋಡಲಿಲ್ಲ. ಚಿಕ್ಕಂದಿನಲ್ಲಿ ಭಾನುವಾರ ಬಂತೆಂದರೆ ಅಪ್ಪ ನೆಲದ ಮೇಲೆ ಹಳೆಯ ಪೇಪರು ಹಾಸಿ ಟೇಬಲ್ ಫ್ಯಾನು ಬಿಚ್ಚುತ್ತಿದ್ದರು. ಸ್ಕ್ರೂಗಳೆಲ್ಲ ಒಂದು ತಟ್ಟೆಗೆ. ಅಣ್ಣನ ಕೈಗೆ ಸ್ಕ್ರೂಡ್ರೈವರು, ಅವಳ ಕೈಗೆ ಟಾರ್ಚು. 'ನೆಟ್ಟಗೆ ಹಿಡಿಯೇ, ಎಲ್ಲೋ ನೋಡ್ತೀಯಲ್ಲ' ಎಂದು ಅಪ್ಪ ಸಿಡುಕುತ್ತಿದ್ದರು. ಅವಳು ಎಲ್ಲೂ ನೋಡುತ್ತಿರಲಿಲ್ಲ, ಅಪ್ಪನ ಬೆರಳುಗಳನ್ನೇ ನೋಡುತ್ತಿದ್ದಳು. ನೋಡುವುದರಲ್ಲಿ ಮುಳುಗಿದಾಗ ಬೆಳಕು ಅತ್ತ ಸರಿಯುತ್ತಿತ್ತು, ಅಷ್ಟೆ. ಒಂದು ಮಧ್ಯಾಹ್ನ ಮನೆಯಲ್ಲಿ ಯಾರೂ ಇಲ್ಲದಾಗ, ನಿಂತುಹೋಗಿದ್ದ ಅದೇ ಫ್ಯಾನನ್ನು ತಾನೇ ಬಿಚ್ಚಿದಳು. ಟಾರ್ಚು ಹಿಡಿಯಲು ಇನ್ನೊಬ್ಬರಿಲ್ಲ, ಗದ್ದದ ಕೆಳಗೆ ಒತ್ತಿ ಹಿಡಿದುಕೊಂಡಳು. ಒಳಗಿನ ದಂಡಕ್ಕೆ ಉದ್ದನೆಯ ಕೂದಲು ಸುತ್ತಿಕೊಂಡಿತ್ತು, ಅವಳದೇ ಕೂದಲು. ಎಳೆದು ತೆಗೆದು, ಎಣ್ಣೆ ಬಿಟ್ಟು, ಜೋಡಿಸಿ ಗುಂಡಿ ಒತ್ತಿದಳು. ತಿರುಗಿತು. ಸಂಜೆ ಅಪ್ಪ ಬಂದು ಅಂಗಿಯ ಗುಂಡಿ ಬಿಚ್ಚಿ ಗಾಳಿಗೆ ಕೂತವರು ಅಣ್ಣನನ್ನು ಕರೆದು 'ಭೇಷ್ ಮಗನೇ' ಎಂದು ಬೆನ್ನು ತಟ್ಟಿದರು. ಅಣ್ಣ ಒಂದು ಗಳಿಗೆ ಅವಳ ಕಡೆ ನೋಡಿದ. ಆಮೇಲೆ ಬೆನ್ನನ್ನು ಹಾಗೇ ಒಡ್ಡಿಕೊಂಡು ನಿಂತ. ಅವಳಾದರೂ ಬಾಯಿ ಬಿಡಬಹುದಿತ್ತು. ಬಿಡಲಿಲ್ಲ. ಅಣ್ಣನ ಮೇಲಿನ ಸಿಟ್ಟು ವರ್ಷಗಳು ಕಳೆದ ಹಾಗೆ ಸವೆದುಹೋಗಿತ್ತು. ಬಾಯಿ ಬಿಡದ ಆ ಹುಡುಗಿಯ ಮೇಲಿನದು ಮಾತ್ರ ಸವೆದಿರಲಿಲ್ಲ. ಈಗ ನೋಡಿದರೆ ಅಣ್ಣನಿಗೆ ಆ ಫ್ಯಾನನ್ನು ತಾನೇ ರಿಪೇರಿ ಮಾಡಿದ್ದೆಂದು ನಿಜವಾಗಿಯೂ ನಂಬಿಕೆ ಬಂದುಬಿಟ್ಟಿದೆ.

ಕಾಲೇಜಿನ ಗೇಟಿನಲ್ಲಿ ಅವಳೇ ಆಳೆತ್ತರಕ್ಕೆ ನಿಂತಿದ್ದಳು. ತಲೆಗೆ ಹಳದಿ ಹೆಲ್ಮೆಟ್ಟು, ಕೈಯಲ್ಲಿ ದೊಡ್ಡ ರೆಂಚು, ಹಲ್ಲು ಕಾಣುವ ನಗು. ಕೆಳಗೆ ದಪ್ಪಕ್ಷರದಲ್ಲಿ 'ಯಂತ್ರ ಎಲ್ಲರದು'. ಫೋಟೋ ತೆಗೆಯುವವನು ಅವಳನ್ನು ವರ್ಕ್‌ಶಾಪಿನಲ್ಲಿ ಲೇತ್ ಯಂತ್ರದ ಪಕ್ಕ ನಿಲ್ಲಿಸಿ ಆ ರೆಂಚನ್ನು ಕೈಗಿತ್ತಿದ್ದ. 'ಇದು ನಲ್ಲಿ ಪೈಪಿಗೆ ಹಿಡಿಯೋದು ಕಣಪ್ಪಾ, ಲೇತಿಗೂ ಇದಕ್ಕೂ ಏನ್ ಸಂಬಂಧ?' ಎಂದಳು. 'ಫೋಟೋದಲ್ಲಿ ಯಾರಿಗೆ ಗೊತ್ತಾಗತ್ತೆ ಮೇಡಂ, ದೊಡ್ಡದಾಗಿ ಕಾಣತ್ತೆ. ಸ್ವಲ್ಪ ನಗಿ.' ನಕ್ಕಳು. ಅದೇ ನಗು ಈಗ ಗೇಟಿನ ಬ್ಯಾನರಿನಲ್ಲಿ, ಬರುವವರಿಗೂ ಹೋಗುವವರಿಗೂ. ಅದರ ಕೆಳಗೆ ನಡೆದು ಒಳಗೆ ಹೋಗುವಾಗ, ಯಾರೋ ತನ್ನ ಸೀರೆ ಉಟ್ಟುಕೊಂಡು ಬೀದಿಯಲ್ಲಿ ನಿಂತಿದ್ದಾರೆ ಎನ್ನಿಸಿ ಮೈ ಉರಿಯಿತು.

ಯಂತ್ರ ವಿಭಾಗದಲ್ಲಿ ಪಾಠ ಹೇಳುವ ಹೆಂಗಸು ಅವಳೊಬ್ಬಳೇ. ಮೇಡಂ ಎಂದರೆ ಸಾಕು, ಯಾವ ಮೇಡಂ ಎಂದು ಕೇಳುವ ಪ್ರಮೇಯವಿಲ್ಲ. ಆ ಕಟ್ಟಡದಲ್ಲಿ ಹೆಂಗಸರ ಶೌಚಾಲಯವೂ ಒಂದೇ, ಅದಕ್ಕೆ ಸದಾ ಬೀಗ. ಬೀಗದ ಕೈ ಗುಮಾಸ್ತನ ತಲೆಯ ಮೇಲಿನ ಮೊಳೆಯಲ್ಲಿ, ಕಳೆದುಹೋಗದಿರಲಿ ಎಂದು ಕಟ್ಟಿದ ಒಂದು ಗೇಣುದ್ದದ ಮರದ ತುಂಡಿನ ಜೊತೆ ನೇತಾಡುತ್ತದೆ. ಅದನ್ನು ಕೇಳಿ ಇಸಿದುಕೊಂಡು ಕಾರಿಡಾರಿನಲ್ಲಿ ನಡೆದರೆ ಎಲ್ಲಿಗೆ ಹೊರಟಳೆಂದು ಇಡೀ ವಿಭಾಗಕ್ಕೆ ಡಂಗುರ ಹೊಡೆದ ಹಾಗೆ. ವರ್ಕ್‌ಶಾಪ್ ಇರುವ ದಿನ ಹುಡುಗಿಯರು ಬೆಳಗಿನಿಂದ ನೀರು ಕುಡಿಯುವುದಿಲ್ಲ. ಸಮಾನ ಅವಕಾಶ ಸಮಿತಿಯ ಸಭೆಯಲ್ಲಿ ಅವಳು ಈ ಮಾತೆತ್ತಿದಾಗ ವಿಭಾಗದ ಮುಖ್ಯಸ್ಥರು, 'ಬಹಳ ಮುಖ್ಯವಾದ ವಿಷಯ. ಬರ್ಕೊಳ್ಳಿ ಮೇಡಂ, ಮುಂದಿನ ಸಭೆಗೆ ತಗೊಳ್ಳೋಣ' ಎಂದಿದ್ದರು. ಅವಳು ಬರೆದುಕೊಂಡಳು. ಅವಳ ಅಕ್ಷರ ಚೆನ್ನಾಗಿದೆ ಎಂದು ಪ್ರತಿ ಸಭೆಯಲ್ಲೂ ಬರೆದುಕೊಳ್ಳುವುದು ಅವಳೇ. ಮುಂದಿನ ಸಭೆಯಲ್ಲೂ ಬರೆದುಕೊಂಡಳು.

ಮುಖ್ಯಸ್ಥರು ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಮಾತಾಡುತ್ತಾರೆ. ಹುಡುಗರು ಅವರಿಗಿಟ್ಟ ಹೆಸರೂ ಬೆಣ್ಣೆ ಸಾರ್. ಹಾಗೆ ನೋಡಿದರೆ ಒಂದು ವಿಷಯದಲ್ಲಿ ಅವಳು ಗೆದ್ದಿದ್ದಳು. ಪ್ರತಿ ವರ್ಷ ಕೊನೆಯ ತರಗತಿಯವರು ತಂಡ ಕಟ್ಟಿಕೊಂಡು ಒಂದು ಯಂತ್ರ ಮಾಡಬೇಕು. ಗೆದ್ದ ತಂಡದವರಿಗೆ ದೊಡ್ಡ ಕಾರ್ಖಾನೆಯೊಂದರ ವಿನ್ಯಾಸ ವಿಭಾಗದಲ್ಲಿ ತರಬೇತಿಯ ಸೀಟು. ಆ ತಂಡಗಳಲ್ಲಿ ಹುಡುಗಿಯರನ್ನು ಯಾರೂ ಸೇರಿಸಿಕೊಳ್ಳುತ್ತಿರಲಿಲ್ಲ. 'ಪ್ರತಿ ತಂಡದಲ್ಲೂ ಒಬ್ಬ ಹುಡುಗಿಯಾದರೂ ಇರಲೇಬೇಕು, ಇಲ್ಲದ ತಂಡ ಸ್ಪರ್ಧೆಗಿಲ್ಲ' ಎಂಬ ನಿಯಮಕ್ಕಾಗಿ ಅವಳು ಎರಡು ವರ್ಷ ಬಡಿದಾಡಿದ್ದಳು. ಮೂಗು ಮುರಿದವರ ಮುಂದೆ ಕೂತು, ನಕ್ಕವರ ಜೊತೆ ತಾನೂ ನಕ್ಕು, ಕೊನೆಗೆ ಈ ವರ್ಷ ನಿಯಮ ಬಂದಿತ್ತು. ಪೇಪರಿನಲ್ಲಿ ಫೋಟೋ ಬಂದಿದ್ದೂ ಅದಕ್ಕೇ.

ಆದರೆ ನಿಯಮ ಬರುವ ಹೊತ್ತಿಗೆ ಆ ವರ್ಷದ ನಾಲ್ಕು ಹುಡುಗಿಯರು, ಯಾರೂ ಕರೆಯುವುದಿಲ್ಲವೆಂದು ಗೊತ್ತಿದ್ದು, ತಮ್ಮದೇ ಒಂದು ತಂಡ ಕಟ್ಟಿಕೊಂಡುಬಿಟ್ಟಿದ್ದರು. ಮೆಟ್ಟಿಲು ಹತ್ತುವ ಗಾಡಿ ಮಾಡಿದ್ದರು. ಕಾಲೇಜಿಗೆ ನೀರಿನ ಕ್ಯಾನು ಹೊರುವ ಆಯಾ ಮೇಲಿನ ಮಹಡಿಗೆ ಹತ್ತುವಾಗ ಪ್ರತಿ ತಿರುವಿನಲ್ಲೂ ಸೊಂಟ ಹಿಡಿದು ನಿಲ್ಲುತ್ತಿದ್ದಳು. ಆ ಕ್ಯಾನನ್ನು ಹೊತ್ತು, ಎರಡೂ ಬದಿಯ ಮೂರು ಮೂರು ಚಕ್ರ ಚೈನಿನ ಎಳೆತಕ್ಕೆ ಒಂದರ ಮೇಲೊಂದು ಉರುಳಿ ಮೆಟ್ಟಿಲೇರುವ ಗಾಡಿ ಅದು. ಪರೀಕ್ಷಿಸುವಾಗ ಮೇಡಂ ಬನ್ನಿ ಎಂದು ಕರೆದಿದ್ದರು, ಅವಳು ನೋಡಿದ್ದಳು. ಠಕ್, ಠಕ್, ಠಕ್ ಎಂದು ಅದು ಹತ್ತುತ್ತಿದ್ದರೆ ಎದೆ ತುಂಬಿ ಬಂದಿತ್ತು.

ಹೋದ ವಾರ ಬೆಣ್ಣೆ ಸಾರ್ ಅವಳನ್ನು ಕರೆದು ಕೂರಿಸಿ, ಟೀ ತರಿಸಿ, 'ಒಂದು ಸಣ್ಣ ತೊಡಕು ಮೇಡಂ' ಎಂದರು. 'ಹುಡುಗರದು ನಾಲ್ಕು ತಂಡ. ಹುಡುಗಿಯರು ನಾಲ್ಕೇ ಜನ. ಅವರೆಲ್ಲ ಒಂದೇ ಕಡೆ ಕೂತರೆ ಈ ನಾಲ್ಕು ತಂಡ ಮನೆಗೆ ಹೋಗ್ಬೇಕು. ಹುಡುಗರ ಭವಿಷ್ಯ ನೋಡಿ. ತಂಡಕ್ಕೊಬ್ಬಳು ಅಂತ ಹಂಚಿಬಿಟ್ರೆ ನಿಮ್ಮ ನಿಯಮಕ್ಕೂ ಗೌರವ.' 'ಅವರ ಗಾಡಿ?' ಎಂದಳು. 'ಗಾಡಿ ಎಲ್ಲಿಗೆ ಹೋಗತ್ತೆ, ಇರತ್ತೆ. ಯೋಚ್ನೆ ಮಾಡಿ, ಒಟ್ಟಿಗಿದ್ದು ಸೋತರೆ ನಾಲ್ವರಿಗೂ ಇಲ್ಲ. ಹಂಚಿದ್ರೆ ಯಾವ ತಂಡ ಗೆದ್ರೂ ಒಬ್ಬ ಹುಡುಗಿಗೆ ಸೀಟು ಖಾತ್ರಿ. ನೀವು ಕೇಳಿದ್ದೂ ಇದೇ ಅಲ್ವಾ?' ಟೀ ಬಿಸಿಯಾಗಿತ್ತು. ಅವಳು ಲೋಟದ ಅಂಚನ್ನೇ ನೋಡುತ್ತ ಕೂತಿದ್ದಳು. ತಾನು ಕೇಳಿದ್ದು ಇದೇ, ಅಕ್ಷರಕ್ಕೆ ಅಕ್ಷರ ಇದೇ. ತಪ್ಪು ಎಲ್ಲಿದೆ ಎಂದು ತೋರಿಸಲು ಬೆರಳಿಡುವ ಜಾಗವೇ ಸಿಗಲಿಲ್ಲ. 'ನೀವೇ ಹೇಳಿಬಿಡಿ ಮೇಡಂ, ಹೆಣ್ಮಕ್ಕಳು ನಿಮ್ಮ ಮಾತು ಕೇಳ್ತಾರೆ' ಎಂದರು. ಹೇಳಿದಳು. ಹೇಳುವಾಗ 'ನಿಮ್ಮ ಒಳ್ಳೇದಕ್ಕೇ' ಎಂದೂ ಸೇರಿಸಿದಳು. ಆ ಮಾತು ನೆನಪಾದರೆ ಈಗಲೂ ನಾಲಿಗೆ ಕಚ್ಚಿಕೊಳ್ಳಬೇಕೆನ್ನಿಸುತ್ತದೆ.

ಸ್ಪರ್ಧೆ ಇವತ್ತು, ಮೇಲಿನ ಮಹಡಿಯ ಸಭಾಂಗಣದಲ್ಲಿ. ಅವಳು ಮೆಟ್ಟಿಲ ಬುಡಕ್ಕೆ ಬಂದಾಗ ನಾಲ್ವರೂ ಅಲ್ಲೇ ನಿಂತಿದ್ದರು. ಮೆಟ್ಟಿಲ ಕೆಳಗಿನ ಕತ್ತಲ ಮೂಲೆಯಲ್ಲಿ ಗಾಡಿ ಮುರುಕು ಕುರ್ಚಿಗಳ ಜೊತೆ ಬಿದ್ದಿತ್ತು. ಮುಂದೆ ನಿಂತಿದ್ದವಳನ್ನು ಎಲ್ಲರೂ ಸ್ಪ್ಯಾನರ್ ಎಂದೇ ಕರೆಯುವುದು. ಪುಸ್ತಕ ಮರೆತರೂ ಚೀಲದಲ್ಲಿ ಸ್ಪ್ಯಾನರು ಇಟ್ಟುಕೊಳ್ಳುವುದನ್ನು ಮರೆಯದವಳು. ಅವಳಪ್ಪ ಪಂಪು ರಿಪೇರಿಯವನು.

'ಮೇಡಂ, ಉಪ್ಪು ಹಾಕ್ದಂಗೆ ಹಾಕಿಬಿಟ್ರಲ್ಲ ನಮ್ಮನ್ನ. ಒಂದೊಂದು ಪಾತ್ರೆಗೆ ಒಂದೊಂದು ಚಿಟಿಕೆ.'

'ಹಾಗಲ್ಲಮ್ಮಾ. ಯಾವ ತಂಡ ಗೆದ್ರೂ ನಿಮ್ಮಲ್ಲೊಬ್ಬರಿಗೆ...'

'ಮಾಡದೇ ಇರೋ ಕೆಲಸಕ್ಕೆ ಸೀಟು ತಗೊಂಡು ಏನ್ ಮಾಡ್ಲಿ? ಆ ಕಾರ್ಖಾನೇಲೂ ಚಾರ್ಟ್ ಹಿಡ್ಕೊಂಡು ನಿಂತ್ಕೊಳ್ಲಾ?' ಸ್ಪ್ಯಾನರ್‌ನ ದನಿ ಏರಲಿಲ್ಲ. ಏರಿದ್ದರೆ ಅವಳನ್ನು ಗದರಿಸಬಹುದಿತ್ತು. 'ನನ್ನ ಹಾಕಿರೋ ತಂಡದವನು ಏನಂದ ಗೊತ್ತಾ? ನೀನೇನೂ ಮಾಡ್ಬೇಡ, ಚಾರ್ಟ್ ಹಿಡ್ಕೊಂಡು ಸುಮ್ನೆ ಕಾಣೋ ಹಾಗೆ ನಿಂತಿರು ಸಾಕು ಅಂದ.'

ಉಳಿದ ಮೂವರೂ ಮೇಡಂ ಮುಖವನ್ನೇ ನೋಡುತ್ತಿದ್ದರು. ಎಲ್ಲಿಂದಲೋ ಸಿಟ್ಟು ನುಗ್ಗಿ ಬಂತು, ಬರಬಾರದ ಕಡೆಗೇ ಬಂತು. 'ಈ ನಿಯಮಕ್ಕೋಸ್ಕರ ನಾನು ಎರಡು ವರ್ಷ ಯಾರ್ಯಾರ ಹತ್ರ ಏನೇನು ಅನ್ನಿಸ್ಕೊಂಡೆ ಅಂತ ಗೊತ್ತೇನ್ರೇ ನಿಮಗೆ?' ಎಂದುಬಿಟ್ಟಳು.

'ಗೊತ್ತು ಮೇಡಂ. ಗೇಟಲ್ಲಿ ಹಾಕಿದ್ದಾರಲ್ಲ' ಎಂದಳು ಸ್ಪ್ಯಾನರ್. ಆಮೇಲೆ, ನಿಜಕ್ಕೂ ತಿಳಿದುಕೊಳ್ಳಬೇಕೆನ್ನುವವಳ ಹಾಗೆ, 'ಪೈಪ್ ರೆಂಚ್ ಯಾಕೆ ಹಿಡ್ಕೊಂಡ್ರಿ ಮೇಡಂ?' ಎಂದು ಕೇಳಿದಳು.

ಮುಖಕ್ಕೆ ಹೊಡೆದ ಹಾಗಾಯಿತು. ಅಷ್ಟರಲ್ಲಿ ಮೇಲಿನಿಂದ ಯಾರೋ 'ಮೇಡಂ, ಅತಿಥಿಗಳು ಬಂದ್ರು, ಹೂಗುಚ್ಛ ನೀವೇ ಕೊಡ್ಬೇಕಂತೆ' ಎಂದು ಕೂಗಿದರು. ಪ್ರತಿ ವರ್ಷ ಹೂಗುಚ್ಛ ಕೊಡುವುದೂ ಅವಳೇ. ಅವಳು ಹತ್ತಿದಳು. ಹಿಂದೆ ಹುಡುಗಿಯರ ಹೆಜ್ಜೆ ಕೇಳಿಸುತ್ತಿತ್ತು.

ಸಭಾಂಗಣದ ನಾಲ್ಕು ಮೂಲೆಗೆ ನಾಲ್ಕು ಮೇಜು, ಮೇಜಿಗೊಂದು ಯಂತ್ರ, ಯಂತ್ರದ ಸುತ್ತ ಇಸ್ತ್ರಿ ಮಾಡಿದ ಅಂಗಿಯ ಹುಡುಗರು, ಪಕ್ಕದಲ್ಲಿ ಚಾರ್ಟಿನ ಹತ್ತಿರ ಒಬ್ಬೊಬ್ಬ ಹುಡುಗಿ. ಎಷ್ಟು ಚೆನ್ನಾಗಿ ಕಾಣುತ್ತಿತ್ತು! ಬಾಗಿಲಲ್ಲಿ ನಿಂತ ಯಾರಿಗಾದರೂ ಹೌದಪ್ಪ, ಎಲ್ಲೆಲ್ಲೂ ಹುಡುಗಿಯರಿದ್ದಾರೆ ಎನ್ನಿಸಬೇಕು. ಅವಳು ಹೂಗುಚ್ಛ ಕೊಟ್ಟಳು, ಚಪ್ಪಾಳೆಯಾಯಿತು, ಬೆಣ್ಣೆ ಸಾರ್ ಮೈಕಿನಲ್ಲಿ ತೀರ್ಪಿನ ನಂತರ ಮೇಡಂ ಅವರಿಗೆ ಫಲಕ ಕೊಟ್ಟು ಅಭಿನಂದಿಸಲಾಗುವುದು ಎಂದರು. ಫಲಕ ಮೇಜಿನ ಮೇಲೆ ಬಣ್ಣದ ಕಾಗದದಲ್ಲಿ ಸುತ್ತಿಟ್ಟಿತ್ತು. ಇದೇ ಕಾಲೇಜಿನಲ್ಲಿ ಅವಳು ಓದುವಾಗ ಪ್ರಯೋಗದ ಗುಂಪಿನಲ್ಲಿ ಹುಡುಗರು ಯಂತ್ರ ತಿರುಗಿಸುತ್ತಿದ್ದರು, 'ನೀನು ರೀಡಿಂಗ್ ಬರ್ಕೋ' ಎನ್ನುತ್ತಿದ್ದರು. ಅಂಕ ಅವಳಿಗೇ ಹೆಚ್ಚು ಬರುತ್ತಿತ್ತು. ಕೈಗೆ ಮಸಿ ಅವರಿಗೆ ಹತ್ತುತ್ತಿತ್ತು. ಆ ಮಸಿಯನ್ನು ಕಂಡು ಹೊಟ್ಟೆಕಿಚ್ಚುಪಟ್ಟವಳು ಜಗತ್ತಿನಲ್ಲಿ ತಾನೊಬ್ಬಳೇ ಇರಬೇಕೆಂದು ಆಗ ಅಂದುಕೊಂಡಿದ್ದಳು.

ತೀರ್ಪುಗಾರರು ಕಾರ್ಖಾನೆಯಿಂದ ಬಂದ ಹಿರಿಯ ಎಂಜಿನಿಯರು. ಸ್ಪ್ಯಾನರ್ ನಿಂತಿದ್ದ ಮೇಜಿಗೆ ಬಂದು, ತೆಂಗಿನಕಾಯಿ ಸುಲಿಯುವ ಯಂತ್ರವನ್ನು ತಿರುಗಿಸಿ ನೋಡಿ, ಹುಡುಗರ ಹತ್ತಿರ ಅದು ಇದು ಕೇಳಿ, ಕೊನೆಗೆ ಪ್ರೀತಿಯಿಂದಲೇ ಸ್ಪ್ಯಾನರ್ ಕಡೆ ತಿರುಗಿದರು. 'ನೀನೇನಮ್ಮಾ ಮಾಡ್ದೆ ಇದರಲ್ಲಿ?' ಅವಳು ಬಾಯಿ ತೆರೆಯುವ ಮುಂಚೆ ತಂಡದ ನಾಯಕ, 'ಸಾರ್, ಇವಳು ಪ್ರಸ್ತುತಿ ವಿಭಾಗ' ಎಂದ. ಎಂಜಿನಿಯರು ಚಾರ್ಟು ನೋಡಿ ತಲೆದೂಗಿದರು. 'ಒಳ್ಳೇದು, ಅಕ್ಷರ ಮುತ್ತಿನ ಹಾಗಿದೆ.'

ಸಭಾಂಗಣದ ಈ ತುದಿಯಿಂದ ಮೇಡಂಗೆ ಕಾಣುತ್ತಿದ್ದದ್ದು ಸ್ಪ್ಯಾನರ್‌ನ ಬೆನ್ನು ಮಾತ್ರ. ಬಾಯಿ ಬಿಡೇ, ಎಂದು ಮನಸ್ಸಿನಲ್ಲೇ ಕೂಗಿದಳು. ನಿನ್ನ ದಮ್ಮಯ್ಯ, ಹೇಳೇ. ತಾನು ಹೋಗಿ ಹೇಳಬಹುದಿತ್ತು, ಹತ್ತು ಹೆಜ್ಜೆ ದೂರ. ಹೋಗಲಿಲ್ಲ. ಸ್ಪ್ಯಾನರ್ ಚಾರ್ಟನ್ನು ಗೋಡೆಗೆ ಒರಗಿಸಿದಳು. ಜಾರಿ ಬೀಳದ ಹಾಗೆ ಬುಡಕ್ಕೆ ಒಂದು ತೆಂಗಿನಕಾಯಿಯನ್ನೂ ಒತ್ತಿಟ್ಟಳು. 'ನಾನೇನೂ ಮಾಡಿಲ್ಲ ಸಾರ್. ನಾನು ಮಾಡಿದ್ದು ಕೆಳಗಿದೆ' ಎಂದಳು, ಸಭಾಂಗಣಕ್ಕೆಲ್ಲ ಕೇಳಿಸುವ ಹಾಗೆ. ಬಾಗಿಲ ಕಡೆ ನಡೆದಳು. ಇನ್ನೊಂದು ಮೂಲೆಯಲ್ಲಿ ಒಬ್ಬಳು ಚಾರ್ಟು ಕೆಳಗಿಟ್ಟಳು. ಮತ್ತೊಬ್ಬಳು. ನಾಲ್ಕನೆಯವಳು ಅಳುತ್ತಿದ್ದಳು, ಅಳುತ್ತಲೇ ಹೋದಳು.

'ಮೇಡಂ!' ಬೆಣ್ಣೆ ಸಾರ್ ಕಿವಿಯ ಹತ್ತಿರ ಬಂದು ಹಲ್ಲು ಕಚ್ಚಿಕೊಂಡು ಹೇಳಿದರು. ಮಾತಿನ ಬೆಣ್ಣೆ ಪೂರ್ತಿ ಕರಗಿಹೋಗಿತ್ತು. 'ಅವರಿಲ್ಲದೆ ನಾಲ್ಕು ತಂಡವೂ ಸ್ಪರ್ಧೆಯಿಂದ ಹೊರಗೆ, ಗೊತ್ತಲ್ವಾ? ನಿಮ್ಮ ನಿಯಮ. ಅತಿಥಿಗಳ ಮುಂದೆ ಮಾನ ಕಳೀಬೇಡಿ, ಹೋಗಿ ಕರ್ಕೊಂಡ್ಬನ್ನಿ.' ಅವಳು ಹೊರಟಳು. ಕರೆತರುವುದಕ್ಕೇ ಹೊರಟಳು. ಕಾರಿಡಾರಿನಲ್ಲಿ ನಡೆಯುವಾಗ ಹೇಳಬೇಕಾದ ಮಾತುಗಳು ತಾವಾಗಿಯೇ ಜೋಡಣೆಯಾಗುತ್ತಿದ್ದವು: ಇವತ್ತೊಂದು ದಿನ ತಡ್ಕೊಳ್ಳಿ, ಆಮೇಲೆ ನಾನು ಸಭೆಯಲ್ಲಿ ಎತ್ತುತ್ತೀನಿ, ಬರ್ಕೊಳ್ತೀನಿ. ಗುಮಾಸ್ತನ ಕೋಣೆಯ ಮುಂದೆ ಹಾಯುವಾಗ ಮೊಳೆಯ ಮೇಲೆ ಆ ಮರದ ತುಂಡು ಕಾಣಿಸಿತು. ಎಷ್ಟು ವರ್ಷದಿಂದ ಅದನ್ನು ಕೈಯಲ್ಲಿ ಹಿಡಿದು, ತಪ್ಪು ಮಾಡಿದವಳ ಹಾಗೆ ಗೋಡೆ ಬದಿಗೇ ನಡೆದಿದ್ದಾಳೆ! ಕಿತ್ತು ಯಾರ ತಲೆಗಾದರೂ ಎಸೆಯಬೇಕೆನ್ನಿಸಿತು. ಯಾರ ತಲೆಗೆ ಎಂದು ಮಾತ್ರ ಗೊತ್ತಾಗಲಿಲ್ಲ. ಆಗ ಮೆಟ್ಟಿಲ ಕಡೆಯಿಂದ ಆ ಶಬ್ದ ಕೇಳಿತು. ಠಕ್. ಠಕ್.

ಗಾಡಿ ಹತ್ತುತ್ತಿತ್ತು. ತುಂಬಿದ ನೀರಿನ ಕ್ಯಾನು ಹೊತ್ತು, ಒಂದೊಂದೇ ಮೆಟ್ಟಿಲಿಗೆ ಚಕ್ರ ಉರುಳಿಸಿ, ಮುಗ್ಗರಿಸಿದಂತೆ ಮಾಡಿ ಮತ್ತೆ ಎದ್ದು. ಮುಂದೆ ಇಬ್ಬರು, ಹಿಂದೆ ಇಬ್ಬರು. ನಡುವಿನ ತಿರುವಿಗೆ ಬಂದದ್ದೇ ಕರ್ರೆಂದು ಸದ್ದು ಮಾಡಿ ನಿಂತಿತು. ಚೈನು ಹಲ್ಲುಚಕ್ರದಿಂದ ಕಳಚಿಕೊಂಡಿತ್ತು. ಆ ತಿರುವಿನಲ್ಲಿ ಬಲ್ಬಿಲ್ಲ, ಅದನ್ನೂ ಅವಳು ಒಂದು ಸಭೆಯಲ್ಲಿ ಬರೆದುಕೊಂಡಿದ್ದಳು. ಮೂವರು ಗಾಡಿ ಜಾರದ ಹಾಗೆ ಆತುಕೊಂಡು ನಿಂತರು. ಸ್ಪ್ಯಾನರ್ ಮಂಡಿಯೂರಿ ಕತ್ತಲಲ್ಲಿ ಕೈಯಾಡಿಸುತ್ತಿದ್ದಳು. ಮೇಡಂ ನಾಲ್ಕು ಮೆಟ್ಟಿಲು ಮೇಲೆ ನಿಂತು 'ನೋಡ್ರೇ...' ಎಂದಳು. ಮುಂದಿನ ಮಾತು ವಾಪಸ್ ಬನ್ನಿ ಎನ್ನುವುದು.

ಸ್ಪ್ಯಾನರ್ ತಲೆಯೆತ್ತಲಿಲ್ಲ. 'ಫೋನಿದ್ಯಾ ಮೇಡಂ? ಟಾರ್ಚ್ ಹಾಕಿ.'

ಅವಳು ಇಳಿದು ಬಂದಳು. ಫೋನು ತೆಗೆದು ಟಾರ್ಚು ಹಾಕಿದಳು. ಬೆಳಕಿನಲ್ಲಿ ಹುಡುಗಿಯ ಬೆರಳುಗಳು ಕಂಡವು. ಉಗುರಿನ ಸಂದಿಯವರೆಗೂ ಕರಿ ಮಸಿ. ಚೈನು ಯಾಕೆ ಕಳಚಿತೆಂದು ನೋಡಿದ ಕೂಡಲೇ ಮೇಡಂಗೆ ಗೊತ್ತಾಯಿತು, ಬಿಗಿ ಕಡಿಮೆಯಾಗಿದೆ, ಹಿಂದಿನ ನಟ್ಟು ಅರ್ಧ ಸುತ್ತು ತಿರುಗಿಸಬೇಕು. ಕೈ ತುರಿಸಿತು. ಸರಿ ಪಕ್ಕಕ್ಕೆ, ಕೊಡು ಇಲ್ಲಿ ಎನ್ನುವ ಮಾತು ತುಟಿಗೆ ಬಂತು. ಅಪ್ಪನ ದನಿಯಲ್ಲೇ ಬಂತು. ಅವಳು ಅದನ್ನು ಹಲ್ಲು ಕಚ್ಚಿ ಒಳಗೇ ಹಿಡಿದಳು. ಅಷ್ಟರಲ್ಲಿ ಬೆಳಕು ಅತ್ತ ಸರಿಯಿತು.

'ನೆಟ್ಟಗೆ ಹಿಡೀರಿ ಮೇಡಂ, ಎಲ್ಲೋ ನೋಡ್ತೀರಲ್ಲ' ಎಂದಳು ಸ್ಪ್ಯಾನರ್ ಸಿಡುಕಿ.

ಅವಮಾನ ಕಿವಿಯ ತುದಿಯವರೆಗೂ ಏರಿತು. ನಾಲ್ವರ ಮುಂದೆ, ವಿದ್ಯಾರ್ಥಿಯಿಂದ, ಈ ವಯಸ್ಸಿನಲ್ಲಿ. ಆದರೆ ಅವಳು ಎಲ್ಲೂ ನೋಡುತ್ತಿರಲಿಲ್ಲ, ಬೆರಳುಗಳನ್ನೇ ನೋಡುತ್ತಿದ್ದಳು. ಹುಡುಗಿಯ ಕೈಯ ಸ್ಪ್ಯಾನರು ತಾನಾಗಿಯೇ ಹಿಂದಿನ ನಟ್ಟಿಗೆ ಹೋಗಿ ಕೂತಿತು. ಮೇಡಂ ಎರಡೂ ಕೈಯಲ್ಲಿ ಫೋನನ್ನು ಬಿಗಿಯಾಗಿ ಹಿಡಿದಳು. ಮೇಲೆ ಮೈಕು ಕರೆಯಿತು: ಮೇಡಂ ಅವರು ವೇದಿಕೆಗೆ ಬರಬೇಕು. ಎಲ್ಲೇ ಇದ್ದರೂ ಮೇಡಂ ಅವರು ಬೇಗ ವೇದಿಕೆಗೆ ಬರಬೇಕು. ಫೋನು ಕೈಯಲ್ಲೇ ಗುಂಯ್‌ಗುಟ್ಟಿತು, ಪರದೆಯ ಮೇಲೆ ಬೆಣ್ಣೆ ಸಾರ್. ಅದು ಅಲುಗಿದಾಗಲೆಲ್ಲ ಬೆಳಕೂ ಅಲುಗಿತು. ಅವಳು ಹೆಬ್ಬೆರಳಿನಿಂದ ಕರೆ ಕತ್ತರಿಸಿದಳು. ಮತ್ತೆ ಬಂತು, ಮತ್ತೆ ಕತ್ತರಿಸಿದಳು.

ಕೊನೆಗೆ ಅವರೇ ಬಂದರು. ಮೆಟ್ಟಿಲ ತುದಿಯಲ್ಲಿ, ಕಿಟಕಿಯಿಂದ ಬೀಳುತ್ತಿದ್ದ ಚೂರುಪಾರು ಬೆಳಕಿಗೂ ಅಡ್ಡವಾಗಿ ನಿಂತು, 'ಏನ್ ಮಾಡ್ತಿದ್ದೀರಿ ಮೇಡಂ ಅಲ್ಲಿ? ಎಲ್ಲರೂ ಕಾಯ್ತಿದ್ದಾರೆ' ಎಂದರು. ಅವರ ಹಿಂದೆ ಕಾರ್ಖಾನೆಯ ಎಂಜಿನಿಯರು, ಅವರ ಹಿಂದೆ ಹುಡುಗರ ತಲೆಗಳು.

ಅವಳ ಬಾಯಿ ತೆರೆಯಿತು. ಬಂದ ದನಿ ಅವಳಿಗೇ ಹೊಸದು, ಮೆಟ್ಟಿಲ ಗೋಡೆಗೆ ಬಡಿದು ಮೇಲಿನ ಮಹಡಿಯವರೆಗೂ ಹೋಯಿತು. 'ಬೆಳಕಿಗೆ ಅಡ್ಡ ನಿಲ್ಬೇಡಿ ಸಾರ್! ಆಚೆ ಸರೀರಿ. ಇದು ಇವರು ಮಾಡಿದ ಗಾಡಿ, ಇವರು ನಾಲ್ಕೂ ಜನ. ನಾನು ಇವರನ್ನ ಹಂಚಿದ್ದು ತಪ್ಪು. ಇದು ಮೇಲೆ ಬರ್ತಿದೆ. ದಾರಿ ಬಿಡಿ.'

ಮೇಲೆ ಚಪ್ಪಲಿಗಳು ಸರಿದ ಸದ್ದಾಯಿತು. ಮುಗಿಯಿತೆಂದುಕೊಂಡು, ಹುಡುಗಿ ಈಗಲಾದರೂ ತನ್ನ ಮುಖ ನೋಡುತ್ತಾಳೆಂದುಕೊಂಡು, ಅವಳು ಫೋನನ್ನು ಸ್ವಲ್ಪ ಇಳಿಸಿದಳು.

'ಇನ್ನೂ ಆಗಿಲ್ಲ' ಎಂದಳು ಸ್ಪ್ಯಾನರ್, ಚೈನಿನಿಂದ ಕಣ್ಣು ತೆಗೆಯದೆ. 'ಹಿಡ್ಕೊಂಡಿರಿ.'